ಹೊನ್ನಿಯ ಕಣ್ಣು

ಹೊಳೆ ಬಳಸಿ ಹರಿಯುವ ಕಡೆ ಒಂದು ಆಶ್ರಮ. ಆಶ್ರಮವೆಂದರೆ ಹುಲ್ಲು ಹೊದಿಸಿದ ಎರಡು ಮನೆ, ಒಂದು ಮಣ್ಣಿನ ಜಗಲಿ, ತುಸು ದೂರದಲ್ಲಿ ಹಾವಿನ ಮನೆ.

ಅಲ್ಲಿ ಗುರು ತಿಮ್ಮಾಜಮ್ಮ ಹೆಬ್ಬಾವುಗಳನ್ನು ಸಾಕುತ್ತಿದ್ದರು. ಮರಿಯಾದಾಗ ಸುತ್ತಲಿನ ಊರಿನವರು ಬಂದು ಕೇಳಿ ಒಯ್ಯುತ್ತಿದ್ದರು. ಕಣಜದ ಬಳಿ ಹೆಬ್ಬಾವಿದ್ದರೆ ಇಲಿ ಆ ಕಡೆ ಸುಳಿಯುವುದಿಲ್ಲ.

"ಧ್ಯಾನ ಮಾಡೋದು ಬಿಟ್ಟು ಹಾವು ಸಾಕ್ತೀರಲ್ಲ ಅಮ್ಮ" ಎಂದು ಯಾರಾದರೂ ಕೆಣಕಿದರೆ ಅವರು ನಗುತ್ತಿದ್ದರು.

"ಅಲ್ಲಾಡದೆ ಕೂತಿರೋದನ್ನ ಅವುಗಳ ಹತ್ತಿರ ಕಲೀತಾ ಇದ್ದೀನಪ್ಪ. ಇನ್ನೂ ಸರಿಯಾಗಿ ಬಂದಿಲ್ಲ."

ಈಚೆಗೆ ಅವರ ಕಣ್ಣು ಮಂಜಾಗಿತ್ತು. ಬೆಳಕು ಯಾವುದು, ನೆರಳು ಯಾವುದು ಎಂದು ತಿಳಿಯುತ್ತಿತ್ತು, ಅಷ್ಟೆ. ಹಾಗಾಗಿ ಹಾವುಗಳನ್ನು ನೋಡಿ ಹೇಳುವ ಕೆಲಸ ಶಿಷ್ಯ ಚೆಲುವರಾಯನ ಪಾಲಿಗೆ ಬಂತು.

ಚೆಲುವರಾಯನ ಮನೆಯವರು ಬೀಜದ ಹೋರಿ ಕಟ್ಟಿದವರು. ಬೆದೆಗೆ ಬಂದ ಹಸುಗಳನ್ನು ಊರೂರಿನಿಂದ ಅವರ ಹಟ್ಟಿಗೆ ಹೊಡೆದುಕೊಂಡು ಬರುತ್ತಿದ್ದರು. ಈ ವಿಚಾರದಲ್ಲಿ ತನಗೆ ಯಾರೂ ಹೇಳಿಕೊಡಬೇಕಾದದ್ದಿಲ್ಲ ಎಂದು ಅವನಿಗಿತ್ತು. ಆದರೂ ಒಂದು ದಿನ ಕೇಳಿದ.

"ಬೆದೆಗೆ ಬಂದರೆ ಹಸು ಕೂಗುತ್ತೆ, ಹಗ್ಗ ಜಗ್ಗುತ್ತೆ. ಹೆಬ್ಬಾವು ಏನು ಮಾಡುತ್ತೆ ಅಮ್ಮ?"

"ಏನೂ ಮಾಡಲ್ಲ."

"ಮತ್ತೆ ಗೊತ್ತಾಗೋದು ಹೇಗೆ?"

"ಅವಳು ಏನೇನು ಬಿಟ್ಟಳು ಅಂತ ನೋಡು. ಊಟ ಬಿಡ್ತಾಳೆ. ಬೆಚ್ಚಗಿನ ಹುಲ್ಲು ಬಿಡ್ತಾಳೆ. ತಣ್ಣಗಿನ ನೆಲ ಹುಡುಕ್ಕೊಂಡು ಹೋಗ್ತಾಳೆ."

"ಇಷ್ಟೇನಾ?"

"ಇಷ್ಟೇ ಆಗಿದ್ದರೆ ನಿನ್ನನ್ನ ಯಾಕೆ ನೋಡೋಕೆ ಕಳಿಸ್ತಿದ್ದೆ? ಪೊರೆ ಬಿಡೋ ಮುಂಚೆಯೂ ಅವಳು ಇದನ್ನೇ ಮಾಡೋದು. ಊಟ ಬೇಡ, ತಂಪು ಬೇಕು. ಎರಡನ್ನೂ ಬೇರೆ ಮಾಡಿ ಹೇಳೋದು ಕಣ್ಣು ಒಂದೇ. ಪೊರೆ ಬಂದಾಗ ಕಣ್ಣಿಗೆ ಹಾಲು ಬಳಿದ ಹಾಗಿರುತ್ತೆ. ಆಗ ಅವಳಿಗೆ ಏನೂ ಕಾಣಲ್ಲ. ಒಳಗೆ ಹೊಸ ಚರ್ಮ ಇನ್ನೂ ಹಸಿ. ಆ ಹೊತ್ತಲ್ಲಿ ಗಂಡನ್ನ ಬಿಡಬಾರದು. ನಾವೂ ಮುಟ್ಟಬಾರದು."

ಬೆಳಿಗ್ಗೆ ಚೆಲುವರಾಯ ಹಾವಿನ ಮನೆಗೆ ಹೋಗಿ ಬರುವನು. ತಿಮ್ಮಾಜಮ್ಮ ಜಗಲಿಯ ಮೇಲೆ ಕೂತು ಕೇಳುವರು. ಅವನು ಹೇಳುವನು.

"ಕಂಡದ್ದು ಹೇಳು. ಅಂದುಕೊಂಡದ್ದು ಬೇಡ" ಎನ್ನುವರು.

ಹೊನ್ನಿ ಎಂಬ ಹೆಣ್ಣು ಹೆಬ್ಬಾವು ಮೊಟ್ಟೆಯಿಟ್ಟು ಕೆಲವು ವರ್ಷವಾಗಿತ್ತು. ಚಳಿಗಾಲ ಬಂದರೆ ಪಕ್ಕದ ಕೋಣೆಯಲ್ಲಿ ಗಂಡು ಕರಿಯ ಗೋಡೆಯುದ್ದಕ್ಕೂ ಹರಿದಾಡುವುದು. ಹೊನ್ನಿ ಮಾತ್ರ ಹುಲ್ಲಿನಲ್ಲಿ ಸುತ್ತಿಕೊಂಡೇ ಇರುವುದು. ಎರಡು ಕೋಣೆಗಳ ನಡುವೆ ಬಿದಿರಿನ ತಡಿಕೆಯೊಂದೇ ಬಾಗಿಲು. ಹೊನ್ನಿಗೂ ವಯಸ್ಸಾಗುತ್ತಿತ್ತು. ಈ ಚಳಿಗಾಲ ದಾಟಿದರೆ ಮತ್ತೆ ಮರಿ ಕಾಣುವ ಆಸೆ ಇಟ್ಟುಕೊಳ್ಳುವಂತಿರಲಿಲ್ಲ.

ಆಚೆ ದಡದ ಬೋರೇಗೌಡರು ಒಂದು ದಿನ ದೋಣಿ ಇಳಿದು ಬಂದರು. ಅವರ ಕಣಜಕ್ಕೆ ಇಲಿ ಬಿದ್ದಿತ್ತು.

"ಹೋರಿ ಮನೆಯವನು ಬಂದಮೇಲೆ ಇನ್ನೇನು ಯೋಚನೆ. ಈ ಸಲ ಮರಿ ಸಿಗುತ್ತೆ ಅನ್ನು" ಎಂದರು.

ಚೆಲುವರಾಯನ ಎದೆ ಉಬ್ಬಿತು. "ಸಿಗುತ್ತೆ ಗೌಡರೆ. ಈ ಹುಣ್ಣಿಮೆಯೊಳಗೆ ತಡಿಕೆ ತೆಗೀತೀವಿ. ನೀವು ಬುಟ್ಟಿ ಹೆಣೆಸಿಟ್ಟುಕೊಳ್ಳಿ."

ಅಡುಗೆ ಮಾಡುತ್ತಿದ್ದ ಇನ್ನೊಬ್ಬ ಶಿಷ್ಯೆ ಜವರಮ್ಮ ಒಳಗಿಂದಲೇ ಅಂದಳು, "ಹೊನ್ನಿಗೆ ಹೇಳಿದ್ದೀಯೇನಪ್ಪ, ಹುಣ್ಣಿಮೆ ಯಾವತ್ತು ಅಂತ?"

ಗೌಡರು ನಕ್ಕರು. ಚೆಲುವರಾಯನೂ ನಕ್ಕ.

ಆಮೇಲೆ ಹೊನ್ನಿ ಊಟ ಬಿಟ್ಟಿತು. ಇಲಿ ಮುಂದಿಟ್ಟರೆ ತಲೆ ತಿರುಗಿಸಿತು. ಹುಲ್ಲಿನಿಂದ ಹೊರಗೆ ಬಂದು ನೀರಿನ ಹರವಿಯ ಬುಡಕ್ಕೆ ಮೈ ಒತ್ತಿಕೊಂಡಿತು.

ಚೆಲುವರಾಯ ಓಡಿ ಬಂದು ಹೇಳಿದ. ತಿಮ್ಮಾಜಮ್ಮನ ಮುಖ ಅರಳಿತು.

"ಕಾದು ನೋಡು" ಎಂದರು.

ಮರುದಿನ ಅವನು ಬಗ್ಗಿ ನೋಡಿದಾಗ ಹೊನ್ನಿಯ ಮೈ ಬಣ್ಣ ಮಾಸಿತ್ತು. ಕಣ್ಣಿನ ಮೇಲೆ ತೆಳ್ಳಗೆ ಹಾಲಿನ ಬಣ್ಣ.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಪೊರೆ. ಇನ್ನು ಇದು ಬಿಡಬೇಕು, ಮೈ ಒಣಗಬೇಕು, ಅಷ್ಟರಲ್ಲಿ ಹುಣ್ಣಿಮೆ ಕಳೆಯುತ್ತದೆ. ಗೌಡರು ಏನನ್ನುತ್ತಾರೆ. ಆ ಜವರಮ್ಮ ಏನನ್ನುತ್ತಾಳೆ.

ಊರಲ್ಲಿ ಹಸು ಒಲ್ಲೆ ಎಂದು ಹಿಂದೆ ಸರಿದರೆ ಅಪ್ಪ ಎರಡು ಗೂಟದ ನಡುವೆ ಬಿಗಿಯುತ್ತಿದ್ದ. ಅದೂ ಗಬ್ಬ ನಿಲ್ಲುತ್ತಿತ್ತು, ಒಂದೊಂದು ಸಲ.

ಅವನು ಜಗಲಿಗೆ ಬಂದ.

"ಊಟ?" ಎಂದರು ತಿಮ್ಮಾಜಮ್ಮ.

"ಮುಟ್ಟಿಲ್ಲ ಅಮ್ಮ."

"ಎಲ್ಲಿ ಮಲಗಿದ್ದಾಳೆ?"

"ಹರವಿಯ ಹತ್ತಿರವೇ ಇದೆ."

"ಕಣ್ಣು ಹೇಗಿದೆ?"

ಅವನು ಅವರ ಮುಖ ನೋಡಿದ. ಅವರ ಕಣ್ಣು ಅವನ ಕಡೆಗಿತ್ತು, ಅವನ ಮೇಲಿರಲಿಲ್ಲ.

"ತಿಳಿಯಾಗಿದೆ" ಎಂದ.

"ಚೆನ್ನಾಗಿ ನೋಡಿದೆಯಾ?"

"ನೋಡಿದೆ ಅಮ್ಮ. ಕೊಳದ ನೀರಿನ ಹಾಗಿದೆ."

ಕೊಳದ ನೀರು ಎಂಬ ಮಾತು ಬಾಯಿಗೆ ಹೇಗೆ ಬಂತೋ ಅವನಿಗೇ ಗೊತ್ತಾಗಲಿಲ್ಲ. ಕೇಳದಿದ್ದರೂ ಸೇರಿಸಿದ್ದ.

"ಹಾಗಾದರೆ ತಡಿಕೆ ತೆಗಿ" ಎಂದರು ತಿಮ್ಮಾಜಮ್ಮ.

ತೆಗೆದ.

ಕರಿಯ ಒಳಗೆ ಬಂದದ್ದೇ ಹೊನ್ನಿ ಗಂಟುಗಂಟಾಗಿ ಸುತ್ತಿಕೊಂಡು ತಲೆಯನ್ನು ನಡುವೆ ಹುದುಗಿಸಿತು. ಬಾಲವನ್ನು ಮೈಯಡಿಗೆ ಎಳೆದುಕೊಂಡಿತು. ಕರಿಯ ಅದರ ಮೇಲೆ ಹರಿದ. ಗಂಡು ಹೆಬ್ಬಾವಿನ ಬಾಲದ ಬುಡದಲ್ಲಿ ಮುಳ್ಳಿನಂಥ ಎರಡು ಉಗುರಿರುತ್ತವೆ, ಅದರಿಂದ ಹೆಣ್ಣಿನ ಮೈ ಸವರುತ್ತದೆ. ಆ ಸವರುವಿಕೆ ಹಸಿ ಚರ್ಮಕ್ಕೆ ಬಿತ್ತು.

ಹೊನ್ನಿ ಕಣ್ಣು ಕಾಣದೆ ಎಗರಿತು. ಒಂದು ಸಲ ಗೋಡೆಗೆ ಹೊಡೆಯಿತು. ಇನ್ನೊಂದು ಸಲ ಹರವಿಗೆ. ಹರವಿ ಒಡೆದು ನೀರು ಚೆಲ್ಲಿತು. ಚೂರುಗಳ ಮೇಲೆ ಹೊರಳಿದಾಗ ಮೈಮೇಲಿನ ಪೊರೆ ಎಲ್ಲೆಲ್ಲೋ ಕಿತ್ತು ಬಂತು, ಕೆಳಗಿನ ಚರ್ಮ ಸಮೇತ.

ಚೆಲುವರಾಯ ಕರಿಯನನ್ನು ಎಳೆದು ಹೊರಗೆ ಹಾಕಿ ತಡಿಕೆ ಮುಚ್ಚುವಷ್ಟರಲ್ಲಿ ನೆಲದ ನೀರು ಕೆಂಪಾಗಿತ್ತು.

ಸದ್ದು ಕೇಳಿ ಜವರಮ್ಮ ತಿಮ್ಮಾಜಮ್ಮನ ಕೈ ಹಿಡಿದು ಕರೆತಂದಳು. ಅವರು ನೆಲದ ಮೇಲೆ ಕೂತರು. ಅಂಗೈ ಬಿಡಿಸಿ ಹೊನ್ನಿಯ ಮುಂದೆ ಹಿಡಿದು ಕಾದರು. ತುಂಬ ಹೊತ್ತಾದ ಮೇಲೆ ಅದು ತಲೆಯನ್ನು ಆ ಅಂಗೈಯಲ್ಲಿ ಇಟ್ಟಿತು.

ತಿಮ್ಮಾಜಮ್ಮನ ಹೆಬ್ಬೆರಳು ಅದರ ಕಣ್ಣಿನ ಅಂಚಿಗೆ ಬಂದು ನಿಂತಿತು. ಅಲ್ಲಿ ಒಣ ಪೊರೆ ಅಂಟಿಕೊಂಡಿತ್ತು.

ಈಗ ಅಮ್ಮನಿಗೆ ಗೊತ್ತಾಯಿತು ಎಂದುಕೊಂಡ ಚೆಲುವರಾಯ. ಬೈಗುಳ ಬರಲೆಂದು ತಲೆ ತಗ್ಗಿಸಿ ನಿಂತ. ಭೂಮಿ ಬಾಯಿ ತೆರೆದು ನುಂಗಿದರೆ ಸಾಕೆನಿಸುತ್ತಿತ್ತು.

"ಉಗುರುಬೆಚ್ಚಗೆ ನೀರು ತಾ. ಮೆತ್ತನೆಯ ಬಟ್ಟೆ ತಾ" ಎಂದರು.

ಅಷ್ಟೇ.

ಹುಣ್ಣಿಮೆಯ ಮಾರನೆಯ ದಿನ ಬೋರೇಗೌಡರು ಬಂದರು. ಒಡೆದ ಹರವಿಯನ್ನೂ ಬಟ್ಟೆ ಸುತ್ತಿದ ಹೊನ್ನಿಯನ್ನೂ ನೋಡಿದರು.

"ಇದೇನಮ್ಮ? ಪೊರೆ ಬಂದ ಹಾವಿನ ಹತ್ತಿರ ಗಂಡನ್ನ ಬಿಡೋದುಂಟಾ? ನಮ್ಮೂರ ಮಕ್ಕಳಿಗೂ ಗೊತ್ತು. ಯಾರು ಬಿಡು ಅಂದಿದ್ದು?"

"ನಾನು" ಎಂದರು ತಿಮ್ಮಾಜಮ್ಮ.

"ನೀವಾ?"

"ತಡಿಕೆ ತೆಗಿ ಅಂದೋಳು ನಾನೇ. ತಪ್ಪು ನನ್ನದು."

ಗೌಡರು ಮೆತ್ತಗೆ, ಮೆತ್ತಗೆ ಹೇಳಿದರೆ ನೋವಾಗುವುದಿಲ್ಲ ಎಂಬಂತೆ ಹೇಳಿದರು. "ಕಣ್ಣು ಹೋದಮೇಲೆ ಇಂಥ ಕೆಲಸ ಬಿಟ್ಟುಬಿಡಬೇಕಮ್ಮ. ಪಾಪ, ಮೂಕಜೀವ."

"ನಿಜ ಗೌಡರೆ. ಇನ್ನು ಇವುಗಳನ್ನ ಬೆಟ್ಟದ ಕಾಡಿಗೆ ಬಿಟ್ಟುಬಿಡೋಣ. ಹೊನ್ನಿ ಗಾಯ ಮಾಯಲಿ, ನಿಮ್ಮ ಆಳುಗಳನ್ನ ಕಳಿಸಿ."

ಚೆಲುವರಾಯ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಬಾಯಿ ತೆರೆದ. ಮಾತು ಬರುವ ಮೊದಲೇ ಮುಚ್ಚಿದ. ಗೌಡರು ಮಜ್ಜಿಗೆ ಕುಡಿದು, ಲೋಟ ಮಗುಚಿಟ್ಟು, ದೋಣಿ ಹತ್ತಿ ಹೋದರು. ಅವನು ಇನ್ನೂ ನಿಂತೇ ಇದ್ದ.

ಸುಳ್ಳು ಹೇಳಿದ್ದು ಒಂದು ಮಾತು. ಈಗ ಒಂದು ಮಾತೂ ಆಡದೆ ಮತ್ತೊಂದು ಸುಳ್ಳು ಹೇಳಿದ್ದ.

ತಿಮ್ಮಾಜಮ್ಮ ಅವನನ್ನು ಏನೂ ಕೇಳಲಿಲ್ಲ. ಬೆಳಗಿನ ಹೊತ್ತು ಜಗಲಿಗೆ ಬಂದು ಕೂರುವುದನ್ನೂ ಬಿಟ್ಟರು. ಅದೇ ಅವನಿಗೆ ತಡೆಯಲಾಗಲಿಲ್ಲ. ಒಂದು ಸಲ ಗದರಿದ್ದರೆ ಗದರಿಸಿಕೊಂಡು ಹಗುರಾಗಬಹುದಿತ್ತು.

ಅವನು ಊಟಕ್ಕೆ ಕೂತರೂ ಉಣ್ಣದೆ ಏಳುತ್ತಿದ್ದ. ಒಳಗೆ ಎಲ್ಲರ ಜೊತೆ ಕೂರಲಾರದೆ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಚಳಿಗೆ ಕಲ್ಲು ಮಂಜುಗಟ್ಟಿದ ಹಾಗಿರುತ್ತಿತ್ತು.

ಜವರಮ್ಮ ತಟ್ಟೆ ಹಿಡಿದುಕೊಂಡು ಬಂದಳು. "ಊಟ ಬಿಟ್ಟೆ. ಬೆಚ್ಚಗಿರೋ ಮೂಲೆ ಬಿಟ್ಟೆ. ತಣ್ಣಗಿನ ಕಲ್ಲು ಹುಡುಕಿದೆ. ಏನಪ್ಪ ನಿಂದು, ಬೆದೆಯೋ ಪೊರೆಯೋ?"

ಬೇರೆ ದಿನವಾಗಿದ್ದರೆ ತಿರುಗಿ ಹೇಳುತ್ತಿದ್ದ. ಈಗ ಮುಖ ಆಚೆ ತಿರುಗಿಸಿದ.

ಅವಳು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟಳು. "ಅವತ್ತು ತಡಿಕೆ ತೆಗೆಯೋ ಮುಂಚೆ ನಾನು ಹಾವಿನ ಮನೆಗೆ ಹೋಗಿರಲಿಲ್ಲ. ಹೊನ್ನಿ ಕಣ್ಣನ್ನ ನಿನ್ನ ಬಿಟ್ಟು ಇನ್ಯಾರೂ ನೋಡಿಲ್ಲ. ಅಷ್ಟು ಮಾತ್ರ ನಂಗೆ ಗೊತ್ತು" ಎಂದು ಹೇಳಿ ಹೋದಳು.

ಹೊನ್ನಿಯ ಗಾಯ ತೊಳೆಯುವುದು, ಬಟ್ಟೆ ಬದಲಿಸುವುದು ಅವನ ಕೆಲಸವಾಯಿತು. ಯಾರೂ ಹೇಳಿದ್ದಲ್ಲ, ಅವನೇ ಹಿಡಿದುಕೊಂಡ. ಕೈ ಚಾಚಿದಾಗಲೆಲ್ಲ ಅದು ಹಿಂದೆ ಸರಿಯುತ್ತಿತ್ತು. ಅವನು ಕಾಯುತ್ತಿದ್ದ. ಸರಿದದ್ದು ಮತ್ತೆ ಮುಂದೆ ಬರುವವರೆಗೂ ಅಂಗೈಯನ್ನು ನೆಲದ ಮೇಲೆ ಇಟ್ಟುಕೊಂಡು ಕೂರುತ್ತಿದ್ದ.

ಉಳಿದ ಪೊರೆ ತಾನಾಗಿ ಬಿದ್ದುಹೋಯಿತು. ಗಾಯ ಬೆಳ್ಳಗೆ ಕಲೆಯಾಯಿತು. ಹೊನ್ನಿ ಮುಂದಿಟ್ಟ ಇಲಿಯನ್ನು ನುಂಗಿತು. ಮತ್ತೆ ನುಂಗಿತು. ಮೈ ತುಂಬಿಕೊಂಡಿತು.

ಚಳಿಗಾಲ ಇನ್ನೇನು ಮುಗಿಯುತ್ತಿದೆ ಎನ್ನುವಾಗ ಒಂದು ದಿನ ಹೊನ್ನಿ ಇಲಿಯನ್ನು ಮೂಸಿ ಬಿಟ್ಟಿತು.

ಚೆಲುವರಾಯ ಇಲಿಯನ್ನು ತೆಗೆದು ಹೊರಗಿಟ್ಟ. ಏನೂ ಅಂದುಕೊಳ್ಳಲಿಲ್ಲ.

ಮರುದಿನ ಅದು ಹುಲ್ಲಿನಲ್ಲಿರಲಿಲ್ಲ. ತಡಿಕೆಯುದ್ದಕ್ಕೂ ನೀಳವಾಗಿ, ಸುತ್ತಿಕೊಳ್ಳದೆ ಮಲಗಿತ್ತು. ಆ ಕಡೆ ಕರಿಯ. ನಡುವೆ ಬಿದಿರು. ಮೈ ಬಣ್ಣ ಎಣ್ಣೆ ಹಚ್ಚಿದ ಹಾಗೆ ಬೆಳಗುತ್ತಿತ್ತು.

ಅವನು ನೆಲಕ್ಕೆ ಗಲ್ಲವಿಟ್ಟು ಅದರ ಕಣ್ಣು ನೋಡಿದ. ಕಪ್ಪಗೆ, ಸ್ವಚ್ಛವಾಗಿತ್ತು. ಅವನ ಮುಖವೇ ಅದರೊಳಗೆ ಸಣ್ಣಗೆ ಕಾಣಿಸಿತು.

ಎದ್ದು ಜಗಲಿಯ ಕಡೆ ನಾಲ್ಕು ಹೆಜ್ಜೆ ಓಡಿದ. ನಿಂತ.

ಏನೆಂದು ಹೇಳುವುದು? ಬೆದೆಗೆ ಬಂದಿದೆ ಎಂದರೆ, ಅವತ್ತೂ ಬಂದಿತ್ತಲ್ಲ ಎನ್ನುತ್ತಾರೆ. ಕಣ್ಣು ತಿಳಿಯಾಗಿದೆ ಎಂದರೆ, ಅವತ್ತೂ ತಿಳಿಯಾಗಿತ್ತಲ್ಲ ಎನ್ನುತ್ತಾರೆ. ಈ ದಿನದ ನಿಜ ಹೇಳಬೇಕಾದರೆ ಆ ದಿನದ ಸುಳ್ಳನ್ನು ಮೊದಲು ಹೇಳಬೇಕಿತ್ತು. ಬೇರೆ ದಾರಿಯಿರಲಿಲ್ಲ.

ಅವನು ಹೇಳಲಿಲ್ಲ. ಆ ದಿನ ಹೋಯಿತು.

ಮರುದಿನ ಬೆಳಿಗ್ಗೆ ಹೊಳೆಯ ಮೇಲೆ ಹುಟ್ಟು ಹಾಕುವ ಸದ್ದು ಕೇಳಿಸಿತು. ಬೋರೇಗೌಡರು ಇಬ್ಬರು ಆಳುಗಳೊಂದಿಗೆ ಬಂದಿಳಿದರು. ಹೊಸ ಬುಟ್ಟಿಗಳಿದ್ದವು. ಮರಿಗೆಂದು ಹೆಣೆಸಿದವಲ್ಲ, ದೊಡ್ಡವು.

ತಿಮ್ಮಾಜಮ್ಮ ಜವರಮ್ಮನ ಹೆಗಲು ಹಿಡಿದು ಹಾವಿನ ಮನೆಯ ಬಾಗಿಲಿಗೆ ಬಂದರು. "ಹುಷಾರಾಗಿ ಎತ್ತಿಕೊಳ್ಳಿ. ಹೊನ್ನಿಗೆ ಎಡಗಡೆ ಕಲೆಯಿದೆ, ಅಲ್ಲಿ ಹಿಡೀಬೇಡಿ."

ಆಳುಗಳಲ್ಲೊಬ್ಬ ಬುಟ್ಟಿಯ ಮುಚ್ಚಳ ತೆಗೆದ.

"ಅಮ್ಮ" ಎಂದ ಚೆಲುವರಾಯ.

ಎಲ್ಲರೂ ತಿರುಗಿದರು. ತಿಮ್ಮಾಜಮ್ಮ ತಿರುಗಲಿಲ್ಲ. ಕಿವಿ ಮಾತ್ರ ಅವನ ಕಡೆ ಬಂತು.

"ಅವತ್ತು ಅವಳ ಕಣ್ಣು ತಿಳಿಯಾಗಿರಲಿಲ್ಲ."

ಗೌಡರು ಹುಬ್ಬು ಏರಿಸಿದರು. "ಯಾವತ್ತು?"

"ತಡಿಕೆ ತೆಗೆದ ದಿನ. ಹಾಲಿನ ಹಾಗಿತ್ತು. ನಾನು ಬಗ್ಗಿ ನೋಡಿದ್ದೆ. ನೋಡಿಯೇ ಸುಳ್ಳು ಹೇಳಿದೆ. ಕೊಳದ ನೀರಿನ ಹಾಗಿದೆ ಅಂದೆ." ಅವನ ಸ್ವರ ಕೀರಲಾಯಿತು. "ಅಮ್ಮನ ಕಣ್ಣಿನ ತಪ್ಪಲ್ಲ ಗೌಡರೆ. ನೀವು ಅವರಿಗೆ ಅಂದಿರಲ್ಲ, ಆವಾಗ ನಾನು ಇಲ್ಲೇ ನಿಂತಿದ್ದೆ. ಅಂದಿದ್ದನ್ನೆಲ್ಲ ಕೇಳಿಸ್ಕೊಂಡು ನಿಂತಿದ್ದೆ."

ಬುಟ್ಟಿ ಹಿಡಿದವನು ಅದನ್ನು ಕೆಳಗಿಡುವುದೋ ಬೇಡವೋ ತಿಳಿಯದೆ ಹಾಗೇ ಹಿಡಿದಿದ್ದ.

"ಥೂ ನಿನ್ನ" ಎಂದರು ಗೌಡರು. "ಕಣ್ಣಿಲ್ಲದ ಮುದುಕಿಗೆ ಸುಳ್ಳು ಹೇಳ್ತೀಯಲ್ಲೋ. ಕಣ್ಣು ಕಾಣದ ಹಾವಿನ ಮೇಲೆ ಗಂಡು ಬಿಡ್ತೀಯಲ್ಲೋ."

"ಹೌದು" ಎಂದ ಚೆಲುವರಾಯ.

ತಿಮ್ಮಾಜಮ್ಮ ಕೇಳಿದರು, "ಮುಗೀತಾ?"

"ಇನ್ನೊಂದಿದೆ ಅಮ್ಮ."

"ಹೇಳು."

"ಅವಳು ಊಟ ಬಿಟ್ಟಿದ್ದಾಳೆ. ಹುಲ್ಲಿನಲ್ಲಿ ಮಲಗ್ತಿಲ್ಲ. ನಿನ್ನೆಯಿಂದ ತಡಿಕೆಗೆ ಮೈ ತಾಗಿಸಿ ಉದ್ದಕ್ಕೆ ಮಲಗಿದ್ದಾಳೆ, ಸುತ್ತಿಕೊಂಡಿಲ್ಲ. ಪೊರೆ ಬಿಟ್ಟು ಎಷ್ಟೋ ದಿನ ಆಯ್ತು. ನಿನ್ನೆಯೇ ಹೇಳಬೇಕಿತ್ತು. ಬಾಯಿ ಬರಲಿಲ್ಲ."

"ಕಣ್ಣು ಹೇಗಿದೆ?"

ಅವನ ಮೈ ಹಿಡಿಯಷ್ಟಾಯಿತು. "ತಿಳಿಯಾಗಿದೆ" ಎಂದ. ಈ ಸಲ ಏನೂ ಸೇರಿಸಲಿಲ್ಲ.

"ಹಾಗಾದರೆ ತಡಿಕೆ ತೆಗಿ" ಎಂದರು ತಿಮ್ಮಾಜಮ್ಮ.

ಗೌಡರು ಅಡ್ಡ ಬಂದರು. "ಅಮ್ಮ, ಇವನ ಮಾತು ಕೇಳ್ಕೊಂಡು ಮತ್ತೆ ತೆಗೆಸ್ತೀರಾ? ಮುಟ್ಟಿಯಾದರೂ ನೋಡಿ. ಇಲ್ಲ ನಾನು ಹೋಗಿ ನೋಡ್ಲಾ?"

"ನೀವು ಹೊಸಬರು, ಹೋದರೆ ಬೆದರ್ತಾಳೆ. ನಾನು ಮುಟ್ಟಿದರೂ ಎದ್ದು ಸರೀತಾಳೆ. ಅವನು ನೋಡಿದ್ದಾನಲ್ಲ."

ಚೆಲುವರಾಯ ಒಳಗೆ ಹೋದ. ತಡಿಕೆಗೆ ಕೈ ಹಾಕಿದವನು ತೆಗೆಯಲಿಲ್ಲ. ನೆಲಕ್ಕೆ ಮುಖವಿಟ್ಟು ಹೊನ್ನಿಯ ಕಣ್ಣು ನೋಡಿದ. ಎದ್ದು ಮತ್ತೆ ಕೈ ಹಾಕಿದ. ಮತ್ತೆ ಬಗ್ಗಿ ನೋಡಿದ. ತಿಳಿಯಾಗೇ ಇತ್ತು. ಗೊತ್ತಿದ್ದದ್ದು ಕೂಡ ಇಷ್ಟು ಭಾರವಾಗುತ್ತದೆಂದು ಅವನಿಗೆ ತಿಳಿದಿರಲಿಲ್ಲ.

ತಡಿಕೆ ಎತ್ತಿದ.

ಕರಿಯ ತಲೆ ಚಾಚಿದ. ಹೊನ್ನಿ ನಾಲಿಗೆ ಹೊರಗೆ ಆಡಿಸಿದಳು. ಕರಿಯ ಅವಳ ಬೆನ್ನ ಮೇಲೆ ನಿಧಾನವಾಗಿ ಹರಿದ, ಕಲೆಯ ಮೇಲೂ ಹರಿದ. ಅವಳು ಸುತ್ತಿಕೊಳ್ಳಲಿಲ್ಲ. ಸರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬಾಲ ಸಡಿಲವಾಗಿ ನೆಲದಿಂದ ಮೇಲೆದ್ದಿತು.

ಚೆಲುವರಾಯ ಹಿಂದೆ ಹಿಂದೆ ನಡೆದು ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಹೊರಗೆ ಗೌಡರು ಕೇಳಲಿಲ್ಲ, ಅವನ ಮುಖ ನೋಡಿದರು. ಆಮೇಲೆ ಆಳುಗಳಿಗೆ ಬುಟ್ಟಿಗಳನ್ನು ದೋಣಿಗೆ ಹಾಕುವಂತೆ ಸನ್ನೆ ಮಾಡಿ ಹೊರಟರು. ಹೋಗುತ್ತ ಹೋಗುತ್ತ ಜವರಮ್ಮನಿಗೆ, "ಇವನಿಗೆ ಒಂದು ತುತ್ತು ಹಾಕು ತಾಯಿ, ಕಡ್ಡಿಯಾಗಿದ್ದಾನೆ" ಎಂದರು.

"ನಾನೇನು ಕಟ್ಟಿಹಾಕಿ ತಿನ್ನಿಸ್ಲಾ?" ಎನ್ನುತ್ತ ಅವಳು ಅಡುಗೆಮನೆಗೆ ಹೋದಳು.

ತಿಮ್ಮಾಜಮ್ಮ ಜಗಲಿಯ ಕಡೆ ಹೊರಟರು. ಚೆಲುವರಾಯ ಅವರ ಕೈ ಹಿಡಿಯಲೋ ಬೇಡವೋ ಎಂದು ಹಿಂದೆ ಹಿಂದೆ ಬಂದ. ಅವರು ಕೂತ ಮೇಲೆ ಕಾಲಬಳಿ ಕುಸಿದ.

"ನಿಮಗೆ ಅವತ್ತೇ ಗೊತ್ತಾಗಿತ್ತು" ಎಂದ.

"ಹೆಬ್ಬೆರಳಿಗೆ ಗೊತ್ತಾಯ್ತು."

"ಎಲ್ಲರೆದುರಿಗೆ ನಿಮ್ಮ ತಪ್ಪು ಅಂದಿರಿ."

"ನಂದೂ ಹೌದು. ನೀನು ಗೌಡರಿಗೆ ಕೊಟ್ಟ ಹುಣ್ಣಿಮೆಯ ಮಾತು ನನ್ನ ಕಿವಿಗೂ ಬಿದ್ದಿತ್ತು. ಆದರೂ ತೆಗಿ ಅಂದೆ."

ಹೊಳೆಯ ಮೇಲೆ ಹುಟ್ಟಿನ ಸದ್ದು ದೂರವಾಯಿತು.

"ನನಗೆ ಶಿಕ್ಷೆ ಕೊಡಿ ಅಮ್ಮ."

"ನಾಳೆ ಬೆಳಿಗ್ಗೆ ಹೋಗಿ ನೋಡಿ ಬಂದು, ಅವಳು ಹೇಗಿದ್ದಾಳೆ ಅಂತ ಹೇಳು."

"ಅದು ಮೊದಲಿಂದ ಮಾಡ್ತಿದ್ದ ಕೆಲಸ. ಅದು ಶಿಕ್ಷೆ ಹೇಗಾಗುತ್ತೆ?"

ತಿಮ್ಮಾಜಮ್ಮ ಅವನ ಕಡೆ ಮುಖ ತಿರುಗಿಸಿದರು.

"ನೀನು ಹೇಳಿದ್ದನ್ನ ನಾನು ನಂಬ್ತೀನಿ."